ಬಿಲ್ಡ್‌ರೂಟ್‌ನಲ್ಲಿ ಜಿಲಿಬ್‌ಸಿಯನ್ನು ಹೊಸ ಆವೃತ್ತಿಗೆ ಏರಿಸುವ ಬಗೆ

ಸಣ್ಣ ಸಾಧನಗಳಿಗೆ ಇಡೀ ಲಿನಕ್ಸ್ ಇಮೇಜನ್ನು ಆಕರದಿಂದ ಕಟ್ಟಿಕೊಡುವ ಬಿಲ್ಡ್‌ರೂಟ್‌ನಲ್ಲಿ ಸಾಮಾನ್ಯ ಪ್ಯಾಕೇಜೊಂದರ ಆವೃತ್ತಿಯನ್ನು ಬದಲಿಸುವುದು ಹತ್ತು ನಿಮಿಷದ ಕೆಲಸ. ಆವೃತ್ತಿಯ ಸಾಲನ್ನು ತಿದ್ದಿ, ಹ್ಯಾಶ್ (ಇಳಿಸಿಕೊಂಡ ಫೈಲನ್ನು ತಾಳೆ ನೋಡುವ ಗುರುತು) ಬದಲಿಸಿ, ಆ ಒಂದು ಪ್ಯಾಕೇಜನ್ನು ಮತ್ತೆ ಕಟ್ಟಿದರೆ ಮುಗಿಯಿತು. ಇದೇ ಧೈರ್ಯದಲ್ಲಿ ಜಿಲಿಬ್‌ಸಿಗೆ, ಅಂದರೆ ಗ್ನೂ ಸಿ ಲೈಬ್ರರಿಗೆ, ಕೈ ಹಾಕಿದರೆ ಸೀರಿಯಲ್ ಕನ್ಸೋಲಿನ ಮುಂದೆ ರಾತ್ರಿ ಕಳೆಯಬೇಕಾಗುತ್ತದೆ. ಸಾಧನದಲ್ಲಿ ಓಡುವ ಹೆಚ್ಚುಕಡಿಮೆ ಪ್ರತಿಯೊಂದು ಪ್ರೋಗ್ರಾಮೂ ಮೆಮೊರಿ ಕೇಳುವುದು, ಫೈಲ್ ತೆರೆಯುವುದು, ಥ್ರೆಡ್ ಹುಟ್ಟಿಸುವುದು, ಹೆಸರಿನಿಂದ ಐಪಿ ವಿಳಾಸ ಹುಡುಕುವುದು ಎಲ್ಲವೂ ಇದರ ಮೂಲಕವೇ. ಆ ಪ್ರೋಗ್ರಾಮುಗಳನ್ನು ಕಟ್ಟುವ ಕಂಪೈಲರಿನ ಅಂತಿಮ ರೂಪ ಕೂಡ ಇದನ್ನೇ ನೆಲಗಟ್ಟಾಗಿ ಇಟ್ಟುಕೊಂಡು ತಯಾರಾಗುತ್ತದೆ. ಆದ್ದರಿಂದ ಜಿಲಿಬ್‌ಸಿಯ ನವೀಕರಣವನ್ನು ಪ್ಯಾಕೇಜಿನ ನವೀಕರಣವೆಂದು ಎಣಿಸದೆ, ಇಡೀ ಟೂಲ್‌ಚೈನಿನ, ಅಂದರೆ ಕಂಪೈಲರ್, ಲಿಂಕರ್, ಸಿ ಲೈಬ್ರರಿಗಳ ಕಟ್ಟಿನ, ನವೀಕರಣವೆಂದೇ ಎಣಿಸಿ ಹೊರಡಬೇಕು. ಮುಂದೆ ಬರುವ ಹಂತಗಳೆಲ್ಲ ಈ ಒಂದು ಮಾತಿನಿಂದಲೇ ಹುಟ್ಟಿಕೊಂಡವು.

ಆದೇಶಗಳ ಮತ್ತು ಫೈಲುಗಳ ಹೆಸರನ್ನು ಉಚ್ಚಾರಣೆಗೆ ತಕ್ಕಂತೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್ಲಿನಲ್ಲಿ ಅವನ್ನು ಮೂಲ ಅಕ್ಷರಗಳಲ್ಲಿಯೇ ಟೈಪಿಸಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮೊದಲ ಹಂತ: ಲೈಬ್ರರಿ ಯಾರ ಕೈಯಲ್ಲಿದೆ?

ಮೇಕ್ ಮೆನುಕಾನ್ಫಿಗ್ ತೆರೆದು ಟೂಲ್‌ಚೈನ್ ವಿಭಾಗಕ್ಕೆ ಹೋಗಿ ಎರಡು ಸಂಗತಿಗಳನ್ನು ನೋಡಿ. ಒಂದು, ಟೂಲ್‌ಚೈನನ್ನು ಬಿಲ್ಡ್‌ರೂಟ್ ತಾನೇ ಕಟ್ಟುತ್ತಿದೆಯೇ ಅಥವಾ ಹೊರಗಿನಿಂದ ಸಿದ್ಧವಾಗಿ ತಂದದ್ದನ್ನು ಬಳಸುತ್ತಿದೆಯೇ ಎಂಬುದು. ಇನ್ನೊಂದು, ಸಿ ಲೈಬ್ರರಿ ಜಿಲಿಬ್‌ಸಿಯೋ, ಮಸಲ್ಲೋ, ಯುಸಿಲಿಬ್‌ಸಿ-ಎನ್‌ಜಿಯೋ ಎಂಬುದು. ಹೊರಗಿನ ಟೂಲ್‌ಚೈನ್ ಇದ್ದಲ್ಲಿ ಜಿಲಿಬ್‌ಸಿ ಅದರೊಳಗೇ ಸೇರಿಕೊಂಡು ಬಂದಿರುತ್ತದೆ. ಪ್ಯಾಕೇಜ್ ಡೈರೆಕ್ಟರಿಯಲ್ಲಿರುವ ಜಿಲಿಬ್‌ಸಿ ಡಾಟ್ ಎಂಕೆ ಫೈಲನ್ನು ಎಷ್ಟು ತಿದ್ದಿದರೂ ಇಮೇಜಿನಲ್ಲಿ ಒಂದು ಬೈಟೂ ಬದಲಾಗುವುದಿಲ್ಲ. ನಾನೇ ಒಮ್ಮೆ ಹೀಗೆ ತಿದ್ದಿ, ಬಿಲ್ಡ್ ಒಂದೂ ದೋಷವಿಲ್ಲದೆ ಮುಗಿದದ್ದನ್ನು ಕಂಡು ಬೀಗಿದ್ದೆ. ದೋಷ ಬರದಿದ್ದುದಕ್ಕೆ ಕಾರಣ ಆ ಫೈಲನ್ನು ಯಾರೂ ಓದಿರಲಿಲ್ಲ ಎಂಬುದು ಸಾಧನವನ್ನು ಆನ್ ಮಾಡಿದ ಮೇಲಷ್ಟೇ ತಿಳಿಯಿತು. ಹೊರಗಿನ ಟೂಲ್‌ಚೈನ್ ಬಳಸುವವರು ಅದರ ಹೊಸ ಆವೃತ್ತಿಯನ್ನೇ ತರಬೇಕು, ಅದಾದ ಮೇಲೆ ಕೆಳಗಿನ ಪರೀಕ್ಷೆಯ ಹಂತಗಳಿಂದ ಮುಂದುವರಿಯಬಹುದು.

ಸಾಧನದಲ್ಲಿ ಈಗ ಯಾವ ಆವೃತ್ತಿ ಇದೆಯೆಂದು ತಿಳಿಯಲು ಲಿಬ್ ಡೈರೆಕ್ಟರಿಯಲ್ಲಿರುವ ಲಿಬ್‌ಸಿ ಡಾಟ್ ಎಸ್‌ಒ ಡಾಟ್ 6 ಎಂಬ ಫೈಲನ್ನೇ ಪ್ರೋಗ್ರಾಮಿನಂತೆ ಓಡಿಸಿ. ಅದು ಲೈಬ್ರರಿಯಾದರೂ ನೇರವಾಗಿ ಕರೆದಾಗ ತನ್ನ ಆವೃತ್ತಿಯನ್ನೂ ತನ್ನನ್ನು ಕಟ್ಟಿದ ಕಂಪೈಲರಿನ ವಿವರವನ್ನೂ ಮುದ್ರಿಸುತ್ತದೆ.

ಎರಡನೆಯ ಹಂತ: ಎಷ್ಟು ದೂರ ಜಿಗಿಯಬೇಕು?

ಜಿಲಿಬ್‌ಸಿಯ ಹೊಸ ಸರಣಿ ವರ್ಷಕ್ಕೆ ಎರಡು ಬಾರಿ, ಫೆಬ್ರವರಿ ಮತ್ತು ಆಗಸ್ಟ್ ತಿಂಗಳುಗಳ ಆಸುಪಾಸಿನಲ್ಲಿ ಹೊರಬರುತ್ತದೆ: 2.34 ಬಂದದ್ದು 2021ರ ಆಗಸ್ಟಿನಲ್ಲಿ, 2.38 ಬಂದದ್ದು 2023ರ ಆಗಸ್ಟಿನಲ್ಲಿ. ಪ್ರತಿ ಸರಣಿಗೂ ಒಂದು ಬಿಡುಗಡೆಯ ಶಾಖೆ ಇರುತ್ತದೆ. ಬಿಡುಗಡೆಯ ನಂತರ ಕಂಡುಬಂದ ದೋಷಗಳ ಪರಿಹಾರಗಳು ಮಾತ್ರ ಆ ಶಾಖೆಗೆ ಇಳಿಯುತ್ತವೆ. ಹೊಸ ಸೌಲಭ್ಯಗಳಾಗಲಿ ಹೊಸ ಸಿಂಬಲ್ಲುಗಳಾಗಲಿ (ಲೈಬ್ರರಿ ಹೊರಗೆ ತೋರಿಸುವ ಫಂಕ್ಷನ್ ಮುಂತಾದವುಗಳ ಹೆಸರುಗಳು) ಅಲ್ಲಿ ಸೇರುವುದಿಲ್ಲ. ಹೀಗಾಗಿ ನಿಮ್ಮ ಮುಂದೆ ಎರಡು ದಾರಿಗಳಿವೆ: ಇರುವ ಸರಣಿಯಲ್ಲೇ ಉಳಿದು ಶಾಖೆಯ ತುದಿಗೆ ಬರುವುದು, ಇಲ್ಲವೇ ಸರಣಿಯನ್ನೇ ಬದಲಿಸುವುದು. ಭದ್ರತೆಯ ಕಾರಣಕ್ಕೆ ನವೀಕರಿಸುವವರಿಗೆ ಬಹುತೇಕ ಸಂದರ್ಭಗಳಲ್ಲಿ ಮೊದಲನೆಯದೇ ಸಾಕು. ಸರಣಿ ಬದಲಾವಣೆಯನ್ನು ಇಡೀ ಬಿಲ್ಡ್‌ರೂಟ್ ಆವೃತ್ತಿಯ ಬದಲಾವಣೆಯ ಜೊತೆಗೇ ಮಾಡುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಹೊಸ ಸರಣಿಗೆ ಹೊಂದಿಕೊಳ್ಳಲು ಬೇರೆ ಪ್ಯಾಕೇಜುಗಳಿಗೆ ಬೇಕಾದ ತಿದ್ದುಪಡಿಗಳನ್ನು ಅಲ್ಲಿಯವರು ಆಗಲೇ ಮಾಡಿಟ್ಟಿರುತ್ತಾರೆ.

ಭದ್ರತಾ ದೋಷದ ಸುದ್ದಿ ಬಂದೊಡನೆ ಗಾಬರಿಯಾಗುವ ಮೊದಲು ಅದು ನಿಮ್ಮ ಸಾಧನವನ್ನು ಮುಟ್ಟುತ್ತದೆಯೇ ಎಂದು ಕೇಳಿಕೊಳ್ಳಿ. 2023ರ ಅಕ್ಟೋಬರಿನಲ್ಲಿ ಕ್ವಾಲಿಸ್ ಸಂಸ್ಥೆಯವರು ಬಯಲಿಗಿಟ್ಟ ಲೂನಿ ಟ್ಯೂನಬಲ್ಸ್ ದೋಷ 2.34ರಲ್ಲಿ ಒಳಸೇರಿದ್ದು, ಸಾಮಾನ್ಯ ಬಳಕೆದಾರನೊಬ್ಬ ಸೆಟ್‌ಯುಐಡಿ ಪ್ರೋಗ್ರಾಮಿನ (ತನ್ನ ಒಡೆಯನ ಅಧಿಕಾರದಲ್ಲಿ ಓಡುವ ಪ್ರೋಗ್ರಾಮಿನ) ಮೂಲಕ ರೂಟ್ ಆಗಲು ಅದು ದಾರಿ ಮಾಡಿಕೊಡುತ್ತದೆ. ಎಲ್ಲವೂ ರೂಟ್ ಆಗಿಯೇ ಓಡುವ, ಬೇರೆ ಬಳಕೆದಾರರೇ ಇಲ್ಲದ ಸಾಧನದಲ್ಲಿ ಆ ದೋಷಕ್ಕೆ ಹೆಚ್ಚಿನ ಅರ್ಥವಿಲ್ಲ, ಆ ಸಾಧನದ ಚಿಂತೆ ಬೇರೆಯೇ ಇದೆ. ಹಾಗೆಯೇ 2024ರ ಏಪ್ರಿಲಿನಲ್ಲಿ ಬೆಳಕಿಗೆ ಬಂದ ಐಕಾನ್ವ್ ದೋಷ ಚೀನೀ ಲಿಪಿಯ ಒಂದು ಎನ್‌ಕೋಡಿಂಗಿಗೆ ಪರಿವರ್ತಿಸುವ ಮಾಡ್ಯೂಲಿನಲ್ಲಿತ್ತು. ಜಿಕಾನ್ವ್ ಎಂಬ ಈ ಪರಿವರ್ತನೆಯ ಮಾಡ್ಯೂಲುಗಳನ್ನು ಇಮೇಜಿಗೆ ನಕಲಿಸುವ ಆಯ್ಕೆಯನ್ನು ಬಿಲ್ಡ್‌ರೂಟ್‌ನಲ್ಲಿ ಒತ್ತದಿದ್ದರೆ ಆ ಫೈಲೇ ಸಾಧನದಲ್ಲಿ ಇರುವುದಿಲ್ಲ. ಆದರೂ ನವೀಕರಿಸಿ, ಅವಸರದಲ್ಲಿ ಮಾತ್ರ ಬೇಡ.

ಸರಣಿಯನ್ನೇ ಬದಲಿಸುವುದಾದರೆ ದಾರಿಯಲ್ಲಿ ಸಿಗುವ ಹೊಂಡಗಳು ಇವು. 2.32ರಲ್ಲಿ ಸನ್ ಆರ್‌ಪಿಸಿ (ಬೇರೆ ಯಂತ್ರದ ಫಂಕ್ಷನ್ನನ್ನು ಕರೆಯುವ ಹಳೆಯ ವ್ಯವಸ್ಥೆ) ಹೊರಹೋಯಿತು, ಅದನ್ನು ನೆಚ್ಚಿದವರು ಲಿಬ್‌ಟಿಐಆರ್‌ಪಿಸಿಗೆ ಹೋಗಬೇಕಾಯಿತು. 2.34 ದೊಡ್ಡ ತಿರುವು: ಅಲ್ಲಿಯವರೆಗೆ ಬೇರೆಬೇರೆಯಾಗಿದ್ದ ಲಿಬ್‌ಪಿಥ್ರೆಡ್, ಲಿಬ್‌ಡಿಎಲ್, ಲಿಬ್‌ಯುಟಿಲ್ ಮುಂತಾದವು ಮುಖ್ಯ ಲಿಬ್‌ಸಿಯಲ್ಲೇ ಲೀನವಾದವು, ಹಳೆಯ ಪ್ರೋಗ್ರಾಮುಗಳ ಸಲುವಾಗಿ ಅವುಗಳ ಹೆಸರಿನ ಪೊಳ್ಳು ಫೈಲುಗಳು ಮಾತ್ರ ಉಳಿದುಕೊಂಡವು. ಪ್ರೋಗ್ರಾಮಿನ ಆರಂಭಕ್ಕೆ ಬೇಕಾದ ಲಿಬ್‌ಸಿ ಸ್ಟಾರ್ಟ್ ಮೇನ್ ಎಂಬ ಫಂಕ್ಷನ್ನಿಗೇ ಅದೇ ಬಿಡುಗಡೆಯಲ್ಲಿ ಹೊಸ ಆವೃತ್ತಿಯ ಗುರುತು ಬಿದ್ದಿದ್ದರಿಂದ, 2.34ರ ಮೇಲೆ ಕಟ್ಟಿದ ಮೂರು ಸಾಲಿನ ಪ್ರೋಗ್ರಾಮು ಕೂಡ ಹಳೆಯ ಸಾಧನದಲ್ಲಿ 'ವರ್ಷನ್ ಜಿಲಿಬ್‌ಸಿ 2.34 ನಾಟ್ ಫೌಂಡ್' ಎಂದು ಹೇಳಿ ಕೈಚೆಲ್ಲುತ್ತದೆ. 2.36ರಲ್ಲಿ ಸಿಸ್ ಮೌಂಟ್ ಮತ್ತು ಲಿನಕ್ಸ್ ಮೌಂಟ್ ಎಂಬ ಎರಡು ಹೆಡರುಗಳು (ಫಂಕ್ಷನ್ ಮತ್ತು ಮಾದರಿಗಳ ಘೋಷಣೆಯ ಫೈಲುಗಳು) ಒಂದನ್ನೊಂದು ಹಾಯತೊಡಗಿದವು. ಎರಡನ್ನೂ ಒಟ್ಟಿಗೆ ಸೇರಿಸಿಕೊಂಡ ಎಷ್ಟೋ ಪ್ಯಾಕೇಜುಗಳು ಮರುವ್ಯಾಖ್ಯಾನದ ದೋಷ ತೋರಿಸಿ ನಿಂತವು. 2.38ರಲ್ಲಿ ಎಸ್‌ಟಿಆರ್‌ಎಲ್‌ಸಿಪಿವೈ ಮತ್ತು ಅದರ ಜೊತೆಗಾರ ಫಂಕ್ಷನ್ ಸೇರಿದ್ದರಿಂದ, ಅದೇ ಹೆಸರಿನಲ್ಲಿ ಸ್ವಂತ ಫಂಕ್ಷನ್ ಬರೆದುಕೊಂಡಿದ್ದ ಕೋಡುಗಳಿಗೆ ಪೆಟ್ಟು ಬಿತ್ತು. 2.39ರಲ್ಲಿ ಲಿಬ್‌ಕ್ರಿಪ್ಟ್ ಪೂರ್ತಿಯಾಗಿ ಹೊರಬಿತ್ತು. ಪಾಸ್‌ವರ್ಡ್ ಪರೀಕ್ಷಿಸುವ ಪ್ರೋಗ್ರಾಮುಗಳಿಗೆ ಲಿಬ್‌ಎಕ್ಸ್‌ಕ್ರಿಪ್ಟ್ ಪ್ಯಾಕೇಜನ್ನು ಸೇರಿಸಬೇಕು, ಇಲ್ಲವಾದರೆ ನಿಮ್ಮ ಸ್ವಂತ ಲಾಗಿನ್ ಕೋಡು ಲಿಂಕ್ ಆಗುವುದೇ ಇಲ್ಲ. 2.41ರಿಂದೀಚೆಗೆ, ಸ್ಟ್ಯಾಕನ್ನು ಕೋಡಿನಂತೆ ಓಡಿಸುವ ಅನುಮತಿ ಕೇಳುವ ಲೈಬ್ರರಿಗಳನ್ನು ಡಿಎಲ್‌ಓಪನ್ ಫಂಕ್ಷನ್ ತೆರೆಯಲು ಒಪ್ಪುವುದಿಲ್ಲ. ಅಸೆಂಬ್ಲಿ ಭಾಗಗಳಿರುವ ಹಳೆಯ ಖಾಸಗಿ ಲೈಬ್ರರಿಗಳು ಈ ಬಲೆಗೆ ಬೀಳುವ ಸಂಭವ ಹೆಚ್ಚು.

32 ಬಿಟ್ಟಿನ ಸಾಧನವಿದ್ದರೆ ಇನ್ನೊಂದು ಆಸೆ ಮೂಡಬಹುದು. 2038ರ ಜನವರಿ 19ರಂದು 32 ಬಿಟ್ಟಿನ ಗಡಿಯಾರ ತುಂಬಿಹೋಗುವ ತೊಂದರೆಗೆ 2.34ರಿಂದ ಪರಿಹಾರವಿದೆ: ಕಂಪೈಲ್ ಮಾಡುವಾಗ ಟೈಮ್ ಬಿಟ್ಸ್ ಮತ್ತು ಫೈಲ್ ಆಫ್‌ಸೆಟ್ ಬಿಟ್ಸ್ ಎರಡನ್ನೂ 64 ಎಂದು ಕೊಟ್ಟರೆ ಸಮಯದ ಮಾದರಿ 64 ಬಿಟ್ ಆಗುತ್ತದೆ. ಕೆಲಸ ಅಗತ್ಯವಾದದ್ದೇ, ಆದರೆ ಅದನ್ನು ಈ ನವೀಕರಣದ ಜೊತೆ ಬೆರೆಸಬೇಡಿ. ಲೈಬ್ರರಿಗಳ ನಡುವಿನ ಒಪ್ಪಂದವನ್ನೇ ಅದು ಬದಲಿಸುವುದರಿಂದ, ಏನಾದರೂ ಮುರಿದಾಗ ತಪ್ಪು ಯಾವುದರದೆಂದು ಹೇಳಲಾಗದು.

ಮೂರನೆಯ ಹಂತ: ಫೈಲುಗಳನ್ನು ತಿದ್ದುವುದು

ಗಿಟ್‌ನಲ್ಲಿ ಹೊಸ ಶಾಖೆ ತೆರೆದು, ಮೇಕ್ ಸೇವ್‌ಡೆಫ್‌ಕಾನ್ಫಿಗ್ ಮಾಡಿ ಈಗಿನ ಆಯ್ಕೆಗಳನ್ನು ಉಳಿಸಿ, ಹಳೆಯ ಔಟ್‌ಪುಟ್ ಡೈರೆಕ್ಟರಿಯನ್ನು ಅಳಿಸದೆ ಪಕ್ಕಕ್ಕಿಡಿ. ಮುಂದೆ ಹೋಲಿಸಿ ನೋಡಲು ಅದು ಬೇಕು.

ಈಗ ಜಿಲಿಬ್‌ಸಿ ಡಾಟ್ ಎಂಕೆ ಫೈಲನ್ನು ತೆರೆಯಿರಿ. ಇಲ್ಲಿನ ಆವೃತ್ತಿ ಬರೀ 2.38 ಎಂದಿರುವುದಿಲ್ಲ. 2.38 ಎಂಬ ಬಿಡುಗಡೆಯ ಸಂಖ್ಯೆ, ಅದರ ಮೇಲೆ ಶಾಖೆಯಲ್ಲಿ ಎಷ್ಟು ಕಮಿಟ್ಟುಗಳು ಬಿದ್ದಿವೆ ಎಂಬ ಎಣಿಕೆ, ಆಮೇಲೆ 'ಜಿ' ಎಂಬ ಅಕ್ಷರ, ಅದಕ್ಕೆ ಅಂಟಿಕೊಂಡಂತೆ 40 ಅಕ್ಷರಗಳ ಕಮಿಟ್ ಗುರುತು, ಹೀಗೆ ಗೆರೆಗಳಿಂದ ಜೋಡಿಸಿದ ಉದ್ದನೆಯ ಸಾಲು ಅದು. ಇದನ್ನು ಕೈಯಿಂದ ಜೋಡಿಸಲು ಹೋಗಬೇಡಿ. ಜಿಲಿಬ್‌ಸಿಯ ಗಿಟ್ ಭಂಡಾರವನ್ನು ಕ್ಲೋನ್ ಮಾಡಿಕೊಂಡು, ಬೇಕಾದ ಬಿಡುಗಡೆಯ ಶಾಖೆಯ ಮೇಲೆ ಗಿಟ್ ಡಿಸ್ಕ್ರೈಬ್ ಓಡಿಸಿದರೆ ಸಾಲು ತಾನಾಗಿಯೇ ಬರುತ್ತದೆ. ಅದರ ಪೂರ್ತಿ ಆದೇಶವನ್ನು ಆ ಫೈಲಿನ ತಲೆಯಲ್ಲೇ ಟಿಪ್ಪಣಿಯಾಗಿ ಬರೆದಿಟ್ಟಿದ್ದಾರೆ. ಅದೇ ಟಿಪ್ಪಣಿ ಇನ್ನೊಂದು ಮಾತನ್ನೂ ನೆನಪಿಸುತ್ತದೆ: ಲೋಕೇಲ್‌ಡೆಫ್ ಎಂಬ ಪ್ಯಾಕೇಜಿನ ಆವೃತ್ತಿಯನ್ನೂ ಜೊತೆಯಲ್ಲೇ ಬದಲಿಸಬೇಕು. ಭಾಷಾವಾರು ದತ್ತಾಂಶವನ್ನು ಸಾಧನಕ್ಕಾಗಿ ಸಿದ್ಧಪಡಿಸುವ ಉಪಕರಣ ಅದು. ತೆರೆಯ ಮೇಲೆ ಕನ್ನಡ ತೋರಿಸುವ ಸಾಧನ ಮಾಡುವವರು ಇದನ್ನು ಮರೆಯಬಾರದು. ಕೆಎನ್-ಇನ್ ಎಂಬ ಕನ್ನಡದ ಲೋಕೇಲಿನ ದತ್ತಾಂಶ ಹುಟ್ಟುವುದು ಇದರಿಂದಲೇ, ಮತ್ತು ಮೆನುವಿನಲ್ಲಿ ತಯಾರಿಸಬೇಕಾದ ಲೋಕೇಲುಗಳ ಪಟ್ಟಿಗೆ ಅದರ ಹೆಸರನ್ನು ಸೇರಿಸದಿದ್ದರೆ ಅದು ಹುಟ್ಟುವುದೇ ಇಲ್ಲ.

ನಂತರ ಹ್ಯಾಶ್. ಆವೃತ್ತಿಯನ್ನೂ ಹ್ಯಾಶ್ ಫೈಲಿನಲ್ಲಿರುವ ಆಕರದ ಹೆಸರನ್ನೂ ಬದಲಿಸಿ, ಹ್ಯಾಶನ್ನು ಮಾತ್ರ ಹಳೆಯದೇ ಬಿಟ್ಟು ಮೇಕ್ ಜಿಲಿಬ್‌ಸಿ-ಸೋರ್ಸ್ ಓಡಿಸಿದರೆ ನಿರೀಕ್ಷಿಸಿದ ಹ್ಯಾಶ್ ಇದು, ಸಿಕ್ಕಿದ್ದು ಇದು ಎಂದು ಎರಡು ಸಾಲುಗಳನ್ನು ತೋರಿಸಿ, ಡೌನ್‌ಲೋಡ್ ಅರೆಬರೆಯಾಗಿರಬೇಕು ಇಲ್ಲವೇ ನಡುವೆ ಯಾರೋ ಕೈಯಾಡಿಸಿರಬೇಕು ಎಂಬ ಎಚ್ಚರಿಕೆ ಕೊಟ್ಟು ನಿಲ್ಲಬಹುದು. ಆ ಎರಡನೆಯ ಸಾಲನ್ನೇ ಎತ್ತಿ ಹ್ಯಾಶ್ ಫೈಲಿಗೆ ಅಂಟಿಸುವ ಅಭ್ಯಾಸ ನಮ್ಮಲ್ಲಿ ಬಹಳ ಜನರಿಗಿದೆ, ಅದು ಕಳ್ಳನ ಕೈಗೇ ಬೀಗದ ಕೈ ಕೊಟ್ಟಂತೆ. ಇಳಿಸಿಕೊಂಡ ಆಕರದ ಒಳಗಿರುವುದು ನೀವು ಕ್ಲೋನ್ ಮಾಡಿದ ಕಮಿಟ್ಟಿನಲ್ಲಿರುವುದೇ ಎಂದು ಡಿಫ್ ಹಾಕಿ ನೋಡಿ, ಆಮೇಲೆ ಎಸ್‌ಎಚ್‌ಎ256 ಲೆಕ್ಕಹಾಕಿ ಬರೆಯಿರಿ.

ಅದೇ ಡೈರೆಕ್ಟರಿಯಲ್ಲಿ ಪ್ಯಾಚುಗಳಿದ್ದರೆ ಪ್ರತಿಯೊಂದನ್ನೂ ನೋಡಬೇಕು. ಮೂಲದಲ್ಲಿ ಆಗಲೇ ಸೇರಿಹೋದ ಪ್ಯಾಚು ಎರಡನೆಯ ಬಾರಿ ಹತ್ತುವುದಿಲ್ಲ, ಅಂಥದ್ದನ್ನು ತೆಗೆಯಿರಿ. ನಿಮ್ಮ ಸಂಸ್ಥೆಯ ಗ್ಲೋಬಲ್ ಪ್ಯಾಚ್ ಡೈರೆಕ್ಟರಿಯಲ್ಲಿ ಜಿಲಿಬ್‌ಸಿಗೆಂದು ಯಾರಾದರೂ ಹಿಂದೆಂದೋ ಇಟ್ಟುಹೋದದ್ದು ಇದೆಯೇ ಎಂಬುದನ್ನೂ ನೋಡಿ. ಇನ್ನು ಇಗ್ನೋರ್ ಸಿವಿಇಸ್ ಎಂಬ ಸಾಲುಗಳು (ಸಿವಿಇ ಎಂದರೆ ಬಯಲಾದ ಭದ್ರತಾ ದೋಷಕ್ಕೆ ಕೊಡುವ ಗುರುತು). ದೋಷಗಳ ಸಾರ್ವಜನಿಕ ಪಟ್ಟಿಗೆ ಗೊತ್ತಿರುವುದು 2.38 ಎಂಬ ಮೂಲ ಸಂಖ್ಯೆ ಮಾತ್ರ. ಶಾಖೆಯಲ್ಲಿ ದೋಷ ಸರಿಯಾಗಿದೆ ಎಂಬುದು ಅದಕ್ಕೆ ತಿಳಿಯದು. ಆದ್ದರಿಂದ ಶಾಖೆಯಲ್ಲಿ ಪರಿಹಾರವಾದ ದೋಷಗಳನ್ನು, ಅವನ್ನು ಸರಿಪಡಿಸಿದ ಕಮಿಟ್ಟಿನ ಗುರುತಿನೊಂದಿಗೆ ಇಲ್ಲಿ ಬರೆಯುತ್ತಾರೆ. ಶಾಖೆಯೊಳಗೆ ಮುಂದೆ ಹೋದಾಗ ಈ ಪಟ್ಟಿ ಬೆಳೆಯಬೇಕು, ಸರಣಿ ಬದಲಿಸಿದಾಗ ಅದನ್ನು ಖಾಲಿ ಮಾಡಿ ಮತ್ತೆ ಆರಂಭಿಸಬೇಕು.

ನಾಲ್ಕನೆಯ ಹಂತ: ಕರ್ನಲ್ ಹೆಡರುಗಳು

ಬಿಲ್ಡ್‌ರೂಟ್ ಜಿಲಿಬ್‌ಸಿಯನ್ನು ಕಟ್ಟುವಾಗ, ನೀವು ಆಯ್ದ ಕರ್ನಲ್ ಹೆಡರುಗಳ ಆವೃತ್ತಿಯನ್ನೇ ಬೇಕಾದ ಕನಿಷ್ಠ ಕರ್ನಲ್ ಎಂದು ಅದಕ್ಕೆ ತಿಳಿಸುತ್ತದೆ. ಅದಕ್ಕಿಂತ ಹಳೆಯ ಕರ್ನಲ್ಲುಗಳಿಗಾಗಿ ಬರೆದ ಬದಲಿ ದಾರಿಗಳನ್ನು ಲೈಬ್ರರಿ ಆಗ ಬಿಟ್ಟುಬಿಡುತ್ತದೆ. ಚಿಪ್ ತಯಾರಕರು ಕೊಟ್ಟ 4.14ರ ಕರ್ನಲ್ಲನ್ನೇ ಸಾಧನದಲ್ಲಿ ಉಳಿಸಿಕೊಂಡು, ಹೆಡರುಗಳನ್ನು 5.15ಕ್ಕೆ ಏರಿಸಿದರೆ ಏನಾಗುತ್ತದೆ? 2.35ರವರೆಗಿನ ಜಿಲಿಬ್‌ಸಿ ಬೂಟಿನ ಹೊತ್ತಿನಲ್ಲೇ 'ಕರ್ನಲ್ ಟೂ ಓಲ್ಡ್' ಎಂದು ನಿಲ್ಲಿಸುತ್ತಿತ್ತು. ಕಟುವಾಗಿದ್ದರೂ ಪ್ರಾಮಾಣಿಕ ಉತ್ತರ. 2.36ರಲ್ಲಿ ಆ ತಪಾಸಣೆಯನ್ನು ತೆಗೆದುಹಾಕಿದರು. ಈಗ ಸಾಧನ ಬೂಟ್ ಆಗಬಹುದು, ವಾರಗಟ್ಟಲೆ ಓಡಲೂಬಹುದು, ಆಮೇಲೆ ಎಲ್ಲೋ ಮೂಲೆಯಲ್ಲಿ ಒಂದು ಕರೆ 'ಫಂಕ್ಷನ್ ನಾಟ್ ಇಂಪ್ಲಿಮೆಂಟೆಡ್' ಎಂದು ಸೋಲಬಹುದು. ಹೆಡರಿನ ಆವೃತ್ತಿ ಸಾಧನದ ಕರ್ನಲ್ಲಿಗೆ ಸಮನಾಗಿ ಅಥವಾ ಅದಕ್ಕಿಂತ ಹಳೆಯದಾಗಿ ಇರಲಿ. ಕನಿಷ್ಠ ಕರ್ನಲ್ ಎಷ್ಟೆಂಬುದನ್ನು, ಮೊದಲೇ ಹೇಳಿದಂತೆ, ಲಿಬ್‌ಸಿ ಫೈಲನ್ನು ನೇರವಾಗಿ ಓಡಿಸಿದಾಗ ಕಾಣಬಹುದು.

ಐದನೆಯ ಹಂತ: ಬುಡದಿಂದ ಕಟ್ಟುವುದು

ಮೇಕ್ ಜಿಲಿಬ್‌ಸಿ-ರೀಬಿಲ್ಡ್ ಎಂಬ ಆದೇಶವಿದೆ, ಇಲ್ಲಿ ಅದನ್ನು ಬಳಸಬೇಡಿ. ಒಂದು ಪ್ಯಾಕೇಜು ಬದಲಾದಾಗ ಅದನ್ನು ನೆಚ್ಚಿರುವ ಬೇರೆಯವನ್ನು ಬಿಲ್ಡ್‌ರೂಟ್ ತಾನಾಗಿ ಮತ್ತೆ ಕಟ್ಟುವುದಿಲ್ಲ, ಹಳೆಯ ಆವೃತ್ತಿ ಬಿಟ್ಟುಹೋದ ಫೈಲುಗಳನ್ನು ಟಾರ್ಗೆಟ್ ಡೈರೆಕ್ಟರಿಯಿಂದ ತೆಗೆಯುವುದೂ ಇಲ್ಲ. ಅಂತಿಮ ಜಿಸಿಸಿ, ಸಿ ಪ್ಲಸ್ ಪ್ಲಸ್ ಲೈಬ್ರರಿ, ಸ್ಟ್ಯಾಟಿಕ್ಕಾಗಿ ಲಿಂಕ್ ಆದ (ಲೈಬ್ರರಿಯನ್ನು ತಮ್ಮೊಳಗೇ ಸೇರಿಸಿಕೊಂಡ) ಪ್ರೋಗ್ರಾಮುಗಳು ಎಲ್ಲವೂ ಹಳೆಯ ಜಿಲಿಬ್‌ಸಿಯನ್ನೇ ಹೊತ್ತುಕೊಂಡು ಉಳಿಯುತ್ತವೆ. ಸರಿಪಡಿಸಿದೆವೆಂದು ನಂಬಿದ ದೋಷ ಸ್ಟ್ಯಾಟಿಕ್ ಪ್ರೋಗ್ರಾಮಿನ ಹೊಟ್ಟೆಯಲ್ಲಿ ಹಾಗೆಯೇ ಇರುತ್ತದೆ. ಓ ಇಕ್ವಲ್ಸ್ ಎಂದು ಹೊಸ ಔಟ್‌ಪುಟ್ ಡೈರೆಕ್ಟರಿಯನ್ನು ಕೊಟ್ಟು ಬುಡದಿಂದ ಕಟ್ಟಿ. ಡೌನ್‌ಲೋಡ್ ಡೈರೆಕ್ಟರಿ ಹಳೆಯದೇ ಆದ್ದರಿಂದ ಇಂಟರ್ನೆಟ್ಟಿನ ಖರ್ಚು ಬೀಳುವುದಿಲ್ಲ.

ಆರನೆಯ ಹಂತ: ಬೇರೆಯವರು ಕೊಟ್ಟ ಬೈನರಿಗಳು

ಆಕರವಿರುವ ಪ್ಯಾಕೇಜು ಮುರಿದರೆ ಕಂಪೈಲರ್ ಹೇಳುತ್ತದೆ. ಗ್ರಾಫಿಕ್ಸ್ ಡ್ರೈವರಿನ ಲೈಬ್ರರಿ, ಮೋಡೆಮ್ಮಿನ ಡೀಮನ್, ಪರವಾನಗಿ ಪರೀಕ್ಷಿಸುವ ಪುಟ್ಟ ಪ್ರೋಗ್ರಾಮು, ಹೀಗೆ ಬೈನರಿಯಾಗಿಯೇ ಬಂದವು ಮಾತ್ರ ಓಡಿಸಿ ನೋಡುವವರೆಗೆ ಬಾಯಿ ಬಿಡುವುದಿಲ್ಲ. ಟಾರ್ಗೆಟ್ ಡೈರೆಕ್ಟರಿಯಲ್ಲಿ ಅಂಥವನ್ನು ಹುಡುಕಿ, ಒಂದೊಂದರ ಮೇಲೂ ರೀಡ್‌ಎಲ್ಫ್ ಓಡಿಸಿ, ಯಾವ ಲೈಬ್ರರಿಗಳನ್ನು ಮತ್ತು ಯಾವ ಆವೃತ್ತಿಯ ಸಿಂಬಲ್ಲುಗಳನ್ನು ಅದು ಕೇಳುತ್ತದೆಂದು ನೋಡಿ. 32 ಬಿಟ್ಟಿನ ಆರ್ಮ್ ಬೈನರಿಯಲ್ಲಿ ಜಿಲಿಬ್‌ಸಿ 2.4 ಎಂಬ ಗುರುತೂ, 64 ಬಿಟ್ಟಿನದರಲ್ಲಿ 2.17 ಎಂಬುದೂ ಧಾರಾಳವಾಗಿ ಕಾಣುತ್ತವೆ. ಅವು ಆಯಾ ವಾಸ್ತುವಿನ್ಯಾಸದ ಆರಂಭದ ಗುರುತುಗಳು, ಹೆದರಬೇಕಾಗಿಲ್ಲ. ಹಳೆಯ ಗುರುತಿನ ಬೈನರಿ ಹೊಸ ಜಿಲಿಬ್‌ಸಿಯ ಮೇಲೆ ಓಡುತ್ತದೆಂಬುದು ಆ ಯೋಜನೆಯವರು ನಿಷ್ಠೆಯಿಂದ ಕಾಯ್ದುಕೊಂಡು ಬಂದ ಮಾತು. ಹೆದರಬೇಕಾದದ್ದು 'ಜಿಲಿಬ್‌ಸಿ ಪ್ರೈವೇಟ್' ಎಂಬ ಗುರುತು ಕಂಡಾಗ. ಲೈಬ್ರರಿಯ ಒಳಮನೆಯ ಸಿಂಬಲ್ಲನ್ನು ಆ ಬೈನರಿ ನೇರವಾಗಿ ಮುಟ್ಟುತ್ತಿದೆ ಎಂದರ್ಥ, ಒಳಮನೆಯ ಸಾಮಾನು ಇದ್ದಲ್ಲೇ ಇರುತ್ತದೆಂದು ಯಾರೂ ಮಾತು ಕೊಟ್ಟಿಲ್ಲ. ಸ್ಟ್ಯಾಟಿಕ್ ಆಗಿದ್ದೂ ಹೋಸ್ಟ್ ಹೆಸರನ್ನು ಹುಡುಕುವ ಬೈನರಿಗಳ ಮೇಲೂ ಕಣ್ಣಿಡಿ: ಅವು ಓಡುವಾಗ ಸಾಧನದ ಎನ್‌ಎಸ್‌ಎಸ್ (ಹೆಸರು ಹುಡುಕಿಕೊಡುವ) ಭಾಗಗಳನ್ನು ತೆರೆಯಲು ಹೋಗುತ್ತವೆ, ಅದಕ್ಕೆ ತಾವು ಕಟ್ಟಿಸಿಕೊಂಡ ಆವೃತ್ತಿಯ ಜಿಲಿಬ್‌ಸಿಯೇ ಬೇಕು.

ಏಳನೆಯ ಹಂತ: ಪರೀಕ್ಷೆ

ಮೊದಲು ಕ್ಯುಇಎಂಯುವಿನಲ್ಲಿ, ಅಂದರೆ ಯಂತ್ರವನ್ನು ಅನುಕರಿಸುವ ತಂತ್ರಾಂಶದಲ್ಲಿ. ನಿಮ್ಮ ಪ್ರೊಸೆಸರಿಗೆ ಹೊಂದುವ ಕ್ಯುಇಎಂಯು ಡೆಫ್‌ಕಾನ್ಫಿಗ್ ಬಿಲ್ಡ್‌ರೂಟ್‌ನಲ್ಲಿಯೇ ಇದ್ದರೆ, ಅದೇ ಜಿಲಿಬ್‌ಸಿ ಬದಲಾವಣೆಯನ್ನಿಟ್ಟು ಇಮೇಜ್ ಕಟ್ಟಿ ಬೂಟ್ ಮಾಡಿದರೆ ಒರಟು ತಪ್ಪುಗಳು ಅಲ್ಲೇ ಸಿಗುತ್ತವೆ. ಅನಂತರ ಬೋರ್ಡಿನ ಮೇಲೆ. ಲಾಗಿನ್, ಹೆಸರು ಹುಡುಕಾಟ, ಸಮಯವಲಯ, ಥ್ರೆಡ್ಡುಗಳು ತುಂಬಿದ ನಿಮ್ಮ ಮುಖ್ಯ ಪ್ರೋಗ್ರಾಮು, ಇವುಗಳನ್ನು ಮೊದಲು ನೋಡಿ. ಸೆಕ್‌ಕಾಂಪ್ ಬಳಸಿ ಕರ್ನಲ್ ಕರೆಗಳಿಗೆ ಬೇಲಿ ಹಾಕಿದ ಪ್ರೋಗ್ರಾಮುಗಳಿದ್ದರೆ ವಿಶೇಷ ಗಮನ ಬೇಕು. ಹೊಸ ಜಿಲಿಬ್‌ಸಿ ಥ್ರೆಡ್ ಹುಟ್ಟಿಸಲು ಕ್ಲೋನ್3 ಎಂಬ ಹೊಸ ಕರೆಯನ್ನು ಮೊದಲು ಪ್ರಯತ್ನಿಸುತ್ತದೆ; ಅಂಥ ಕರೆಯೇ ಇಲ್ಲವೆಂಬ ಉತ್ತರ ಬಂದರೆ ಹಳೆಯ ದಾರಿಗೆ ಇಳಿಯುತ್ತದೆ, ಅನುಮತಿ ಇಲ್ಲವೆಂಬ ಉತ್ತರ ಬಂದರೆ ಅಲ್ಲಿಗೇ ಸೋಲುತ್ತದೆ. 20.10.10ಕ್ಕಿಂತ ಹಿಂದಿನ ಡಾಕರ್ (ಕಂಟೇನರುಗಳನ್ನು ಓಡಿಸುವ ತಂತ್ರಾಂಶ) ಈ ಎರಡನೆಯ ಉತ್ತರವನ್ನೇ ಕೊಡುತ್ತಿದ್ದುದರಿಂದ ಅದರೊಳಗೆ ಹೊಸ ಇಮೇಜುಗಳು ಥ್ರೆಡ್ಡನ್ನೇ ಹುಟ್ಟಿಸಲಾರದೆ ಒದ್ದಾಡಿದ್ದವು.

ದತ್ತಾಂಶ ಉಳಿದುಕೊಳ್ಳುವ ವಿಭಾಗವನ್ನೂ ಮರೆಯಬೇಡಿ. 2018ರ ಆಗಸ್ಟಿನಲ್ಲಿ ಬಂದ 2.28 ಅಕ್ಷರಗಳ ವಿಂಗಡಣೆಯ ಕ್ರಮವನ್ನು ದೊಡ್ಡ ಪ್ರಮಾಣದಲ್ಲಿ ಬದಲಿಸಿದಾಗ, ಲೋಕೇಲಿನ ಕ್ರಮವನ್ನು ನೆಚ್ಚಿ ಕಟ್ಟಿದ್ದ ಪೋಸ್ಟ್‌ಗ್ರೆಸ್‌ಕ್ಯೂಎಲ್ ಇಂಡೆಕ್ಸುಗಳು ತಪ್ಪು ಉತ್ತರ ಕೊಡತೊಡಗಿದವು. ಅವನ್ನೆಲ್ಲ ಮತ್ತೆ ಕಟ್ಟಬೇಕಾಯಿತು. ಎಸ್‌ಕ್ಯೂಲೈಟ್ ಸಾಮಾನ್ಯವಾಗಿ ಬೈಟುಗಳನ್ನೇ ಹೋಲಿಸುವುದರಿಂದ ಅದಕ್ಕೆ ಈ ಬಾಧೆಯಿಲ್ಲ.

ಎಂಟನೆಯ ಹಂತ: ಸಾಧನಕ್ಕೆ ತಲುಪಿಸುವುದು

ಓಡುತ್ತಿರುವ ಸಾಧನದಲ್ಲಿ ಲಿಬ್‌ಸಿ ಫೈಲೊಂದನ್ನೇ ಬದಲಿಸಬೇಡಿ. ಪ್ರಯೋಗದ ಬೋರ್ಡೊಂದರಲ್ಲಿ ನಾನು ಇದನ್ನು ಮಾಡಿ ನೋಡಿದ್ದೇನೆ. ಇದ್ದ ಫೈಲಿನ ಮೇಲೆಯೇ ನಕಲಿಸಿದರೆ ಅದನ್ನು ಮೆಮೊರಿಗೆ ಜೋಡಿಸಿಕೊಂಡು ಓಡುತ್ತಿರುವ ಪ್ರೋಗ್ರಾಮುಗಳ ಕಾಲಕೆಳಗಿನ ನೆಲವೇ ಸರಿಯುತ್ತದೆಂದು ತಿಳಿದಿದ್ದರಿಂದ, ಹೊಸ ಫೈಲನ್ನು ಪಕ್ಕದಲ್ಲಿಟ್ಟು ಹೆಸರು ಬದಲಿಸುವ ಜಾಣತನ ತೋರಿಸಿದೆ. ಮರೆತದ್ದು ಪ್ರೋಗ್ರಾಮಿಗೆ ಬೇಕಾದ ಲೈಬ್ರರಿಗಳನ್ನು ಮೆಮೊರಿಗೆ ತರುವ ಎಲ್‌ಡಿ-ಲಿನಕ್ಸ್ ಎಂಬ ಲೋಡರನ್ನು. ಅದೂ ಲಿಬ್‌ಸಿಯೂ ಒಂದೇ ಬಿಲ್ಡಿನವಾಗಿರಬೇಕು. ಮುಂದಿನ ಎಲ್‌ಎಸ್ ಆದೇಶಕ್ಕೆ 'ಸಿಂಬಲ್ ಲುಕಪ್ ಎರರ್' ಎಂಬ ಉತ್ತರ ಬಂತು, ಕೊನೆಯಲ್ಲಿ ಅದೇ ಜಿಲಿಬ್‌ಸಿ ಪ್ರೈವೇಟ್ ಎಂಬ ಗುರುತು. ಸಿಪಿ ಇಲ್ಲ, ಎಂವಿ ಇಲ್ಲ, ರೀಬೂಟ್ ಕೂಡ ಇಲ್ಲ, ಎಲ್ಲವೂ ಹತ್ತಾರು ಆದೇಶಗಳನ್ನು ಒಂದೇ ಪ್ರೋಗ್ರಾಮಿನಲ್ಲಿ ತುಂಬಿಕೊಂಡ ಬ್ಯುಸಿಬಾಕ್ಸಿನ ಬಾಲಗಳೇ. ಆಗಲೇ ತೆರೆದಿದ್ದ ಶೆಲ್ಲಿನಲ್ಲಿ ಎಕೋ ಮಾತ್ರ ನಡೆಯುತ್ತಿತ್ತು. ವಿದ್ಯುತ್ ತೆಗೆದು ಹಾಕಿದರೆ ಇನಿಟ್ ಏಳಲಾರದೆ ಕರ್ನಲ್ ಪ್ಯಾನಿಕ್. ಕೊನೆಗೆ ಎಸ್‌ಡಿ ಕಾರ್ಡಿನಿಂದ ಬೂಟ್ ಮಾಡಿ ಸರಿಪಡಿಸಿದ್ದಾಯಿತು. ಹಳೆಯ ಲಿಬ್‌ಸಿಯ ನಕಲನ್ನು ಬೇರೊಂದು ಡೈರೆಕ್ಟರಿಯಲ್ಲಿ ಇಟ್ಟುಕೊಂಡಿದ್ದರೆ, ಹಳೆಯ ಲೋಡರನ್ನೇ ನೇರವಾಗಿ ಕರೆದು ಲೈಬ್ರರಿ-ಪಾತ್ ಆಯ್ಕೆಯಲ್ಲಿ ಆ ಡೈರೆಕ್ಟರಿಯನ್ನು ತೋರಿಸಿ ಎಂವಿಯನ್ನು ಓಡಿಸಬಹುದಿತ್ತು ಎಂಬುದು ಆಮೇಲೆ ಹೊಳೆದ ಬುದ್ಧಿ.

ಆದ್ದರಿಂದ ಇಡೀ ರೂಟ್ ಫೈಲ್ ಸಿಸ್ಟಮನ್ನು ಒಂದೇ ಏಟಿಗೆ ಬದಲಿಸುವ ವ್ಯವಸ್ಥೆ ಬೇಕು. ಎರಡು ವಿಭಾಗಗಳನ್ನಿಟ್ಟು, ಓಡದ ವಿಭಾಗಕ್ಕೆ ಹೊಸ ಇಮೇಜನ್ನು ಬರೆದು, ಬೂಟ್‌ಲೋಡರಿಗೆ ಅದನ್ನು ತೋರಿಸಿ, ನಿಗದಿತ ಬಾರಿ ಪ್ರಯತ್ನಿಸಿಯೂ ಏಳದಿದ್ದರೆ ಹಳೆಯದಕ್ಕೆ ಮರಳುವ ಎಸ್‌ಡಬ್ಲ್ಯೂಅಪ್‌ಡೇಟ್ ಮತ್ತು ಆರ್‌ಎಯುಸಿ ಎರಡೂ ಬಿಲ್ಡ್‌ರೂಟ್‌ನಲ್ಲಿ ಪ್ಯಾಕೇಜುಗಳಾಗಿ ಸಿಗುತ್ತವೆ. ಅಪ್ಲಿಕೇಶನ್ನುಗಳನ್ನು ಇಮೇಜಿನಿಂದ ಪ್ರತ್ಯೇಕವಾಗಿ ಕಳುಹಿಸುವ ಪದ್ಧತಿ ನಿಮ್ಮಲ್ಲಿದ್ದರೆ ಅನುಕ್ರಮವೂ ಮುಖ್ಯ. ಮೊದಲು ಹೊಸ ಇಮೇಜು ಎಲ್ಲ ಸಾಧನಗಳನ್ನೂ ತಲುಪಲಿ. ಅಲ್ಲಿಯವರೆಗೆ ಅಪ್ಲಿಕೇಶನ್ ಬರೆಯುವವರು ಹಳೆಯ ಎಸ್‌ಡಿಕೆಯಲ್ಲೇ (ಅಪ್ಲಿಕೇಶನ್ ಕಟ್ಟಲು ಅವರಿಗೆ ಕೊಡುವ ಟೂಲ್‌ಚೈನಿನ ಕಟ್ಟಿನಲ್ಲೇ) ಕಟ್ಟಲಿ, ಏಕೆಂದರೆ ಅದರಲ್ಲಿ ಕಟ್ಟಿದ್ದು ಎರಡೂ ಕಡೆ ಓಡುತ್ತದೆ. ಮೇಕ್ ಎಸ್‌ಡಿಕೆಯಿಂದ ಹೊರಬಂದ ಹೊಸದನ್ನು ಅವರ ಕೈಗೆ ಕೊಡುವುದು ಕೊನೆಯ ಸಾಧನವೂ ನವೀಕರಣಗೊಂಡ ಮೇಲೆ, ಹಳೆಯ ವಿಭಾಗಕ್ಕೆ ಮರಳುವ ಪ್ರಸಂಗವೂ ಮುಗಿಯಿತೆಂದು ಖಚಿತವಾದ ಮೇಲೆ.